ಬೇಲಿ ಕಿತ್ತು ಇನ್ನೊಂದು ಹೊಲಕ್ಕ ನೆಟ್ಟವರು

ಹೋದ ತಿಂಗಳು ಕಲಬುರಗಿಯೊಳಗ ಒಂದು ಸಣ್ಣ ಹಾಲಿನ್ಯಾಗ ನಾ ಮಾತಾಡಿದ್ದು ಇದು. ಎದುರಿಗೆ ಹಾಸ್ಟೆಲ್ ವಾರ್ಡನ್‌ಗಳಿದ್ರು, ಮಾಸ್ತರ್ರಿದ್ರು, ಬಿಎಡ್ ಓದೋ ಹುಡುಗ ಹುಡುಗೇರಿದ್ರು, ಎಲ್ಲಾರಗಿಂತ ಹಿಂದ ಹಾಸ್ಟೆಲ್ ಅಡಗಿ ಮಾಡೋ ಅಕ್ಕಗೋಳು ಕುಂತಿದ್ರು. ಬರ್ಲಿಕ್ಕ ಆಗಲಾರದವರು ಬರದು ಹಾಕ್ರಿ ಬಾಯೋರ ಅಂದ್ರು, ಅದಕ್ಕ ರೆಕಾರ್ಡಿಂಗ್ ಕೇಳ್ಕೋತ ಬರದೀನಿ, ಭಾಳ ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ ರೀ. ಬೇಲಿನೇ ಎದ್ದು ಹೊಲ ಮೇದ್ರ ಯಾರಿಗೆ ಹೇಳೋದು ಅಂತ ನಮ್ ಹಿರ್ಯಾರು ಕೇಳ್ತಿದ್ರು. ಮಾಸ್ತರ, ಸ್ವಾಮಿ, ಪಾದ್ರಿ, ಮೌಲ್ವಿ, ಕೋಚ್, ವಾರ್ಡನ್, ಇಂಥವರು ಮಕ್ಕಳ ಮೈಮ್ಯಾಲ ಕೈ ಹಾಕಿದ ಸುದ್ದಿ ಬಂದಾಗೊಮ್ಮೆ ನಾವು ಇದೇ ಗಾದಿ ಹೇಳಿ ಸುಮ್ನಾಗ್ತೀವಿ. ಆದ್ರ ನಾ ಇವತ್ತು ಬೇಲಿ ಬಗ್ಗೆ ಮಾತಾಡ್ಲಿಕ್ಕ ಬಂದಿಲ್ಲ. ಹೊಲದ ಮಾಲಕ ಇರ್ತಾನಲ್ರಿ, ಬೇಲಿ ಮೇಯೋದು ಕಣ್ಣಾರೆ ನೋಡಿರ್ತಾನ, ನೋಡಿ ಅದನ್ನ ಸುಡೋದು ಬಿಟ್ಟು ರಾತ್ರಿ ಮೆಲ್ಲಕ ಕಿತ್ತು ಇನ್ನೊಬ್ಬರ ಹೊಲಕ್ಕ ಒಯ್ದು ನೆಟ್ಟು ಬರ್ತಾನಲ್ಲ, ನಾ ಮಾತಾಡೋದು ಅವನ ಬಗ್ಗೆ.

ಮೊದಲು ನನ್ನದೇ ಹೇಳ್ತೀನಿ, ಇಲ್ಲಂದ್ರ ಉಳಿದವರ ಬಗ್ಗೆ ಮಾತಾಡೋ ಹಕ್ಕು ನನಗಿಲ್ಲ. 1998ರ ಮಾತು, ಆಗ ಊರಿನ ಹೆಸರು ಗುಲ್ಬರ್ಗ ಅಂತಿತ್ತು, ನಾನು ಒಂದು ಸಾಲಿಗೆ ಟೀಚರಾಗಿ ಸೇರಿ ಮೂರು ವರ್ಷ ಆಗಿತ್ತು. ಆರನೇ ಕ್ಲಾಸಿನ ಒಬ್ಬಾಕಿ ಹುಡುಗಿ ಅವ್ವನ ಕೂಡ ಬಂದು ಒಬ್ಬ ಮಾಸ್ತರನ ಬಗ್ಗೆ ಹೇಳಿದ್ಲು. ಏನು ಹೇಳಿದ್ಲು ಅಂತ ನಾ ಇಲ್ಲಿ ಹೇಳಂಗಿಲ್ಲ. ಆಕಿ ಹೇಳಿದ್ದು ಖರೇ ಅಂತ ಆ ರೂಮಿನ್ಯಾಗ ಇದ್ದ ಎಲ್ಲಾರಿಗೂ ಗೊತ್ತಿತ್ತು, ಯಾಕಂದ್ರ ಯಾರೂ ಆಶ್ಚರ್ಯ ಪಡಲಿಲ್ಲ, ಅದು ನನಗ ಇವತ್ತಿಗೂ ನೆನಪದ. ಮೂರು ದಿನದ ಮ್ಯಾಲ ಮ್ಯಾನೇಜ್‌ಮೆಂಟಿನವರು ಮೀಟಿಂಗ್ ಕರದ್ರು, ಚಾ ತರಿಸಿದ್ರು, ಆ ಮಾಸ್ತರನ್ನ ಅದೇ ಸಂಸ್ಥಾದ ಇನ್ನೊಂದು ಸಾಲಿಗೆ, ಈಗಿನ ಯಾದಗಿರಿ ಜಿಲ್ಲಾದ ಒಂದು ಹಳ್ಳಿಗೆ ಹಾಕಿದ್ರು. ರಿಜಿಸ್ಟರಿನ್ಯಾಗ ಬರದದ್ದು ಒಂದೇ ಸಾಲು, ಆಡಳಿತಾತ್ಮಕ ಕಾರಣದಿಂದ ವರ್ಗಾಯಿಸಲಾಗಿದೆ ಅಂತ. ಹಾಜರಿದ್ದವರು ಸಹಿ ಮಾಡ್ರಿ ಅಂದ್ರು. ನಾ ಮಾಡೀನಿ. ಒಂಬತ್ತನೇದೋ ಹತ್ತನೇದೋ ಸಹಿ ನಂದು. ಹುಡುಗಿ ಆ ವರ್ಷನೇ ಸಾಲಿ ಬಿಟ್ಲು, ಮಾಸ್ತರ ರಿಟೈರ್ ಆಗೋ ತನಕ ಪಾಠ ಮಾಡ್ದ. ಆ ಹಳ್ಳಿ ಸಾಲಿಯೊಳಗ ಏನಾತು ಅಂತ ನಾ ಭಾಳ ವರ್ಷ ಕೇಳ್ಳಿಲ್ಲ, ಕೇಳಿದಾಗ ಒಬ್ಬ ಅಟೆಂಡರ್ ನನ್ನ ಮುಖಾನೇ ನೋಡದೆ ಹೇಳ್ದ, ಬಾಯೋರ ನಿಮಗ ಗೊತ್ತಿದ್ದೇ ಕಳಿಸಿರಲ್ಲ ಅಂತ.

ಈಗ ಆ ವರ್ಗಾವಣಿ ಅನ್ನೋದರ ಮ್ಯಾಲ ಒಂದೀಟು ನಿಲ್ತೀನಿ, ಯಾಕಂದ್ರ ಇದು ನಮ್ ಭಾಗದವರಿಗೆ ಬ್ಯಾರೆಯವರಗಿಂತ ಚೊಲೋ ಗೊತ್ತದ. ಕೆಲಸ ಮಾಡಲಾರದವ, ಲಂಚ ತಿಂದವ, ಮ್ಯಾಲಿನವರ ಕಣ್ಣಿಗೆ ಆಗಿಬರಲಾರದವ, ಇವರನ್ನೆಲ್ಲ ಎಲ್ಲಿಗೆ ಹಾಕ್ತಾರ? ಬೀದರಿಗೆ ಹಾಕ್ತೀನಿ, ಯಾದಗಿರಿಗೆ ಕಳಿಸ್ತೀನಿ ಅಂತ ಹೆದರಿಸ್ತಾರ, ನಾವೂ ಅದನ್ನ ಕೇಳಿ ಕೇಳಿ ರೂಢಿ ಮಾಡ್ಕೊಂಡೀವಿ. ಆದ್ರ ಒಂದು ಸಲ ಯೋಚನಿ ಮಾಡ್ರಿ, ಮಕ್ಕಳಿಗೆ ಕೈ ಹಚ್ಚಿದವನಿಗೆ ದೂರದ ಊರು ಶಿಕ್ಷೆ ಅಂತ ಬರದವ, ಆ ದೂರದ ಊರಾಗ ಇರೋ ಮಕ್ಕಳನ್ನ ಏನಂತ ತಿಳ್ಕೊಂಡಾನ? ಅವರು ಅವನ ಲೆಕ್ಕದಾಗ ಮಕ್ಕಳೇ ಅಲ್ಲ, ಜೈಲಿನ ಬದ್ಲಿ ಇರೋ ಜಾಗ.

ಇದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಅಲಾಸ್ಕಾದಾಗ ಮಂಜು ಬೀಳೋ ಸಣ್ಣ ಸಣ್ಣ ಹಳ್ಳಿಗಳವ, ರಸ್ತಾ ಇಲ್ಲ, ವಿಮಾನದಾಗೋ ದೋಣ್ಯಾಗೋ ಹೋಗಬೇಕು, ಅಲ್ಲಿರೋರು ಮೂಲನಿವಾಸಿಗಳು. ಆ ಹಳ್ಳಿಗಳ ಚರ್ಚುಗಳಿಗೆ ಬಂದ ಜೆಸ್ಯೂಟ್ ಅನ್ನೋ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು ವರ್ಷಾನುಗಟ್ಟಲೆ ಮಕ್ಕಳ ಮ್ಯಾಲ ದೌರ್ಜನ್ಯ ಮಾಡ್ಯಾರ ಅಂತ ದೊಡ್ಡವರಾದ ಮ್ಯಾಲ ಆ ಮಕ್ಕಳೇ ಕೋರ್ಟಿಗೆ ಹೋದ್ರು. 2007ರಾಗ ಸುಮಾರು 110 ಮಂದಿಗೆ 5 ಕೋಟಿ ಡಾಲರ್ ಕೊಡೋದಾತು, 2011ರಾಗ ಅದೇ ಪಂಗಡ ಸುಮಾರು 500 ಮಂದಿಗೆ 16 ಕೋಟಿ 60 ಲಕ್ಷ ಡಾಲರ್ ಕೊಡಲಿಕ್ಕ ಒಪ್ಕೊಂತು. ಬ್ಯಾರೆ ಕಡಿ ಇಡ್ಲಿಕ್ಕ ಆಗಲಾರದವರನ್ನ ತಂದು ನಮ್ಮ ಹಳ್ಳಿಗಳಾಗ ಒಗದ್ರು, ಕಸದ ತಿಪ್ಪಿ ಮಾಡಿದ್ರು ಅಂತ ಅಲ್ಲಿಯವರ ಆರೋಪ, ಪಂಗಡದವರು ಅದನ್ನ ಒಪ್ಪಲಿಲ್ಲ. ನಾ ಅದನ್ನ ಓದಿದಾಗ ನನಗ ಆ ಯಾದಗಿರಿ ಕಡಿ ಹಳ್ಳಿನೇ ಕಣ್ಣಮುಂದ ಬಂತು.

ಬೋಸ್ಟನ್ ಕತಿ ನಿಮ್ಮಾಗ ಕೆಲವರಿಗೆ ಗೊತ್ತಿರಬಹುದು. ಜಾನ್ ಗೇಗನ್ ಅನ್ನೋ ಪಾದ್ರಿ ಮೂವತ್ತು ವರ್ಷದಾಗ ಆರು ಚರ್ಚುಗಳಾಗ ಕೆಲಸ ಮಾಡ್ದ, ಅವನ ಮ್ಯಾಲ 130ಕ್ಕಿಂತ ಹೆಚ್ಚು ಮಂದಿ ಆರೋಪ ಮಾಡಿದ್ರು. ಮ್ಯಾಲಿನವರಿಗೆ ಗೊತ್ತಿರಲಿಲ್ಲ ಅನ್ನಂಗಿಲ್ಲ, ತನ್ನ ಮನಿತನದ ಏಳು ಹುಡುಗರಿಗೆ ಹಿಂಗಾಗ್ಯದ ಅಂತ ಒಬ್ಬಾಕಿ ಹೆಣ್ಣುಮಗಳು 1982ರಾಗೇ ಕಾಗದ ಬರದಿದ್ಲು, 1984ರಾಗ ಅಲ್ಲಿನ ಒಬ್ಬ ಬಿಷಪ್ಪನೇ ಈ ಮನಷ್ಯಾನ್ನ ಹೊಸ ಚರ್ಚಿಗೆ ಹಾಕಿದ್ದು ಸರಿ ಅಲ್ಲ ಅಂತ ಬೋಸ್ಟನ್ ಚರ್ಚುಗಳ ಮುಖ್ಯಸ್ಥ ಕಾರ್ಡಿನಲ್ ಬರ್ನಾರ್ಡ್ ಲಾ ಅವರಿಗೆ ಬರದಿದ್ದ. ಆದ್ರೂ ತೆಗೀಲಿಲ್ಲ. 2002ರ ಜನವರಿಯಾಗ ಬೋಸ್ಟನ್ ಗ್ಲೋಬ್ ಪತ್ರಿಕಾದವರು ಆ ಫೈಲುಗಳನ್ನ ಕೋರ್ಟಿನ ಮೂಲಕ ಹೊರಗ ತಂದು ಒಂದಾದ ಮ್ಯಾಲ ಒಂದು ಬರದ್ರು, ಡಿಸೆಂಬರಿಗೆ ಕಾರ್ಡಿನಲ್ ರಾಜೀನಾಮೆ ಕೊಟ್ರು, 2004ರಾಗ ಅವರಿಗೆ ರೋಮಿನ ಒಂದು ದೊಡ್ಡ ಬಸಿಲಿಕಾ ಚರ್ಚಿನ ಮುಖ್ಯಸ್ಥನ ಕುರ್ಚಿ ಸಿಕ್ತು. ಆ ಕಡಿ ಹುಡುಗರು ಏನಾದ್ರು ಅಂತ ಕೇಳೋರು ಯಾರು?

ಇಷ್ಟು ವರ್ಷ ಇದನ್ನ ಮುಚ್ಚಿಡೋದು ಹ್ಯಾಂಗ ಸಾಧ್ಯ ಆಗ್ತದ ಅಂದ್ರ, ನನ್ನ ಅನುಭವದಾಗ, ಮೊದಲು ಮಾತು ಸಣ್ಣದ ಮಾಡ್ತಾರ. 2018ರ ಆಗಸ್ಟಿನ್ಯಾಗ ಅಮೆರಿಕದ ಪೆನ್ಸಿಲ್ವೇನಿಯಾದ ಗ್ರಾಂಡ್ ಜ್ಯೂರಿ, ಅಂದ್ರ ಕೋರ್ಟಿನ ಪರವಾಗಿ ತನಿಖೆ ಮಾಡೋ ನಾಗರಿಕರ ಮಂಡಳಿ, ಒಂದು ವರದಿ ಕೊಡ್ತು, ಕ್ಯಾಥೊಲಿಕ್ ಚರ್ಚಿನ ಆರು ಧರ್ಮಪ್ರಾಂತ್ಯ, 300ಕ್ಕೂ ಹೆಚ್ಚು ಪಾದ್ರಿಗಳು, ಗುರುತು ಸಿಕ್ಕ ಮಕ್ಕಳೇ 1000ಕ್ಕೂ ಮ್ಯಾಲ. ಅದರಾಗ ಆ ಸಂಸ್ಥಾದವರ ಪದ್ಧತಿಗಳನ್ನ ಪಟ್ಟಿ ಮಾಡ್ಯಾರ, ಅತ್ಯಾಚಾರ ಅಂತ ಎಲ್ಲೂ ಬರೀಬ್ಯಾಡ್ರಿ, ಗೆರಿ ದಾಟಿದ ತೊಂದ್ರಿ, ಸರಿಯಲ್ಲದ ಸಂಪರ್ಕ ಅಂತ ಬರೀರಿ ಅನ್ನೋದೇ ಅದರ ಶುರುವಾತು. ನಮ್ಮಲ್ಲಿ ಅದಕ್ಕ ಅಸಭ್ಯ ವರ್ತನೆ ಅಂತೀವಿ. ಮಾಸ್ತರ್ರು ಅಸಭ್ಯವಾಗಿ ವರ್ತಿಸಿದ್ದಾರೆ ಅಂತ ಬರದ್ರ ಮುಗೀತು, ಕೂಗಾಡಿದ್ನೋ, ಬೈದ್ನೋ, ಮುಟ್ಟಿದ್ನೋ ಒಂದೂ ಗೊತ್ತಾಗಂಗಿಲ್ಲ. ಆಡಳಿತಾತ್ಮಕ ಕಾರಣ ಅನ್ನೋದು ಇನ್ನೂ ಚೊಲೋ, ಅದರಾಗ ಮಗುನೇ ಇಲ್ಲ.

ಎರಡನೇದು, ಹೇಳಿದ್ದನ್ನ ಒಳಗೊಳಗೇ ಮ್ಯಾಲ ಕಳಿಸೋದು. ನಾ ಹೆಡ್‌ಮಾಸ್ತರಿಗೆ ಹೇಳೀನಿ, ಹೆಡ್‌ಮಾಸ್ತರ ಬಿಇಓಗೆ, ಅಂದ್ರ ತಾಲೂಕಿನ ಶಿಕ್ಷಣಾಧಿಕಾರಿಗೆ ಹೇಳ್ಯಾರ, ಅಲ್ಲಿಗೆ ನನ್ನ ಕೆಲಸ ಮುಗೀತು ಅಂತ ನಾವು ರಾತ್ರಿ ನಿದ್ದಿ ಮಾಡ್ತೀವಿ. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯಾಗ 2001ರಾಗ ಒಬ್ಬ ಸಹಾಯಕ, ಜೆರ್ರಿ ಸ್ಯಾಂಡಸ್ಕಿ ಅನ್ನೋ ಮಾಜಿ ಕೋಚ್ ಬಚ್ಚಲದಾಗ ಹುಡುಗನ ಕೂಡ ಇದ್ದದ್ದನ್ನ ನೋಡ್ದ, ತನ್ನ ಮುಖ್ಯ ಕೋಚಿಗೆ ಹೇಳ್ದ, ಕೋಚ್ ಕ್ರೀಡಾ ಡೈರೆಕ್ಟರಿಗೆ ಹೇಳ್ದ, ಅಲ್ಲಿಂದ ಅಧ್ಯಕ್ಷನ ತನಕ ಹೋತು, ಪೊಲೀಸರ ತನಕ ಹೋಗಲಿಲ್ಲ. ಇನ್ನ ಮ್ಯಾಲ ಹುಡುಗರನ್ನ ಇಲ್ಲಿಗೆ ಕರ್ಕೊಂಡು ಬರಬ್ಯಾಡ ಅಂತ ಹೇಳಿ ಬಿಟ್ರು. ಇಲ್ಲಿಗೆ ಬ್ಯಾಡ! ಬ್ಯಾರೆ ಕಡಿ ಅಂದ್ರ? ಹತ್ತು ವರ್ಷದ ಮ್ಯಾಲ ಸ್ಯಾಂಡಸ್ಕಿ ಅರೆಸ್ಟ್ ಆದ, 2012ರಾಗ 45 ಆರೋಪ ಸಾಬೀತಾದವು. ಅಧ್ಯಕ್ಷ ಗ್ರಹಾಂ ಸ್ಪಾನಿಯರ್ ಕೂಡ ಮಕ್ಕಳನ್ನ ಅಪಾಯಕ್ಕ ದೂಡಿದ ತಪ್ಪಿಗೆ 2021ರಾಗ ಜೈಲಿನ ಮೆಟ್ಟಲಾ ಹತ್ತಿದ.

ಇನ್ನ ನಮ್ಮ ಕಾನೂನಿಗೆ ಬರ್ತೀನಿ, ಇಲ್ಲಿ ಕುಂತ ವಾರ್ಡನ್‌ಗಳು, ಹೆಡ್‌ಮಾಸ್ತರ್ರು ಸ್ವಲ್ಪ ಗಮನ ಇಟ್ಟು ಕೇಳ್ರಿ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾನೂನು 2012ರ ನವೆಂಬರ್ 14ಕ್ಕ ಜಾರಿಗೆ ಬಂತು. ಅದರ 19ನೇ ಕಲಂ ಪ್ರಕಾರ ಹಿಂಗ ಆಗ್ಯದ ಅಂತ ಗೊತ್ತಾದವ, ಆಗೋ ಅಂದಾಜು ಇದ್ದವ, ಯಾರೇ ಇರಲಿ, ಪೊಲೀಸರಿಗೇ ಹೇಳಬೇಕು. ಮ್ಯಾನೇಜ್‌ಮೆಂಟಿಗೆ ಅಂತ ಇಲ್ಲ, ಇಲಾಖಾಕ್ಕ ಅಂತ ಇಲ್ಲ, ಊರಿನ ಹಿರ್ಯಾರಿಗೆ ಅಂತಂತೂ ಇಲ್ಲೇ ಇಲ್ಲ. ಹೇಳದಿದ್ರ 21ನೇ ಕಲಮಿನ ಪ್ರಕಾರ ಆರು ತಿಂಗಳ ತನಕ ಜೈಲು, ಸಂಸ್ಥಾದ ಮುಖ್ಯಸ್ಥ ಆಗಿ ತನ್ನ ಕೈಕೆಳಗಿನವನು ಮಾಡಿದ್ದನ್ನ ಹೇಳದಿದ್ರ ಒಂದು ವರ್ಷದ ತನಕ ಜೈಲು, ದಂಡನೂ ಅದ. ಅಂದ್ರ ಮುಚ್ಚಿಟ್ಟದ್ದೇ ಬ್ಯಾರೆ ಅಪರಾಧ. ತನಿಖೆ ಮಾಡೋ ಜವಾಬ್ದಾರಿ ನಿಮ್ಮದಲ್ಲ, ಖರೇನೋ ಸುಳ್ಳೋ ಅಂತ ತೂಗಿ ನೋಡೋದೂ ನಿಮ್ಮದಲ್ಲ, ಒಳ್ಳೆ ಮನಸ್ಸಿನಿಂದ ಹೇಳಿದ್ರ ಆಮ್ಯಾಲ ಏನೇ ಆಗಲಿ ನಿಮ್ಮ ಮ್ಯಾಲ ಕೇಸ್ ಬರಂಗಿಲ್ಲ, ಅದೂ ಅದೇ ಕಲಮಿನ್ಯಾಗ ಅದ.

ಒಂದು ವರ್ಷ ಏನು ಮಹಾ ಶಿಕ್ಷೆ ಅಂತ ಒಬ್ಬರು ಅಂದ್ರು ನನಗ. ನಂಗೂ ಕಡಿಮಿನೇ ಅನಸ್ತದ. ಆದ್ರ ಇರೋದನ್ನಾದ್ರೂ ಹಚ್ಚಬೇಕಲ್ರಿ. ನಮ್ಮಿಂದ ಭಾಳ ದೂರ ಇಲ್ಲ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲಾದ ರಾಜುರಾದಾಗ ಆದಿವಾಸಿ ಹುಡುಗೇರ ಹಾಸ್ಟೆಲಿನ್ಯಾಗ ದೌರ್ಜನ್ಯ ಆಗಿತ್ತು, ಆ ಮಕ್ಕಳಿಗೆ ಔಷಧ ಕೊಡೋ ಡಾಕ್ಟರಿಗೆ ಗೊತ್ತಿದ್ರೂ ಹೇಳಲಿಲ್ಲ ಅಂತ ಕೇಸ್ ಆತು, ಬಾಂಬೆ ಹೈಕೋರ್ಟ್ ಅವನ ಮ್ಯಾಲಿನ ಕೇಸ್ ರದ್ದು ಮಾಡ್ತು. 2022ರ ನವೆಂಬರಿನ್ಯಾಗ ಸುಪ್ರೀಂ ಕೋರ್ಟ್ ಆ ಆದೇಶ ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದೇ ಇರೋದು ಗಂಭೀರ ಅಪರಾಧ, ಅದು ಮಾಡಿದವನನ್ನ ಕಾಪಾಡೋ ಪ್ರಯತ್ನ ಅಂತ ಹೇಳ್ತು.

ಈಗ ರಾಜಿ ಪಂಚಾಯ್ತಿ. ನಮ್ ಕಡಿ ಇದು ಭಾಳ. ಹುಡುಗಿ ಲಗ್ನ ಹ್ಯಾಂಗ ಆಗ್ತದ, ಮನಿ ಮರ್ಯಾದಿ, ಸಾಲಿ ಹೆಸರು, ಎಲ್ಲಾ ಹೇಳಿ ಅಪ್ಪನ ಕೈಲೆ ಬಾಂಡ್ ಪೇಪರ್ ಮ್ಯಾಲ ಹೆಬ್ಬೆಟ್ಟು ಒತ್ತಿಸ್ತಾರ. ರಾಜಸ್ಥಾನದಾಗೂ ಹಿಂಗೇ ಆಗಿತ್ತು, ಮಾಸ್ತರ ಮತ್ತ ಹುಡುಗಿ ಅಪ್ಪ ರಾಜಿ ಮಾಡ್ಕೊಂಡಾರ ಅಂತ ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು, 2024ರ ನವೆಂಬರ್ 7ಕ್ಕ ಸುಪ್ರೀಂ ಕೋರ್ಟ್ ಇದು ಇಬ್ಬರ ನಡುವಿನ ಖಾಸಗಿ ಜಗಳ ಅಲ್ಲ ಅಂತ ಹೇಳಿ ಕೇಸ್ ಮತ್ತ ಶುರು ಮಾಡಿಸ್ತು. ಹುಡುಗಿ ಮೈ ಮ್ಯಾಲ ಆದದ್ದಕ್ಕ ರಾಜಿ ಆಗ್ಲಿಕ್ಕ ಅಪ್ಪ ಯಾರು?

ಕೆಲವು ಕಡಿ ಮುಚ್ಚಿಡೋದಷ್ಟೇ ಅಲ್ಲ, ದಾರಿ ಮಾಡಿ ಕೊಡ್ತಾರ. ಆಸಾರಾಂ ಕೇಸ್ ನೋಡ್ರಿ. ಛಿಂದವಾಡಾದ ಆಶ್ರಮ ಸಾಲಿಯಾಗ ಓದೋ 16 ವರ್ಷದ ಹುಡುಗಿಗೆ ದೆವ್ವ ಬಡದದ, ಬಾಪೂ ಹತ್ರಾನೇ ಕರ್ಕೊಂಡು ಹೋಗಬೇಕು ಅಂತ ಮನಿಯವರಿಗೆ ನಂಬಿಸಿದ್ದು ಹಾಸ್ಟೆಲಿನವರು. ಜೋಧಪುರದ ಕೋರ್ಟ್ 2018ರ ಏಪ್ರಿಲಿನ್ಯಾಗ ಆಸಾರಾಂಗೆ ಜೀವಾವಧಿ ಕೊಟ್ಟಾಗ ವಾರ್ಡನ್‌ಗೂ ಡೈರೆಕ್ಟರಿಗೂ 20-20 ವರ್ಷ ಹಾಕ್ತು, ಮೇಲ್ಮನವಿಗಳು ಆಮ್ಯಾಲಿನ ಮಾತು. ದೆವ್ವ ಬಡದದ ಅನ್ನೋದು ನಮ್ ಊರುಗಳಾಗ ದಿನಾ ಕೇಳೋ ಮಾತು. ಹುಡುಗಿ ಒಮ್ಮಿಂದೊಮ್ಮೆ ಮಾತು ಬಿಟ್ಟಾಳ, ಊಟ ಬಿಟ್ಟಾಳ, ರಾತ್ರಿ ಚೀರ್ತಾಳ ಅಂದ್ರ ನಾವು ಲಿಂಬಿಹಣ್ಣು ಇಳಿಸಿ ತಾಯತ ಕಟ್ಟಿಸ್ತೀವಿ, ಸಾಲಿಯಾಗ ಏನಾತವ್ವ ಅಂತ ಕೇಳಂಗಿಲ್ಲ.

ಹುಡುಗಿ ಹುಡುಗಿ ಅಂತ ನಾನೂ ಆಗಿಂದ ಹೇಳ್ಲಿಕತ್ತೀನಿ, ಇದೂ ಒಂದು ತಪ್ಪೇ. 2007ರಾಗ ಕೇಂದ್ರ ಸರ್ಕಾರ 13 ರಾಜ್ಯದ 12,447 ಮಕ್ಕಳನ್ನ ಮಾತಾಡಿಸಿ ಮಾಡಿದ ಅಧ್ಯಯನದಾಗ ನೂರಕ್ಕ 53 ಮಕ್ಕಳು ಒಂದಿಲ್ಲ ಒಂದು ರೀತಿ ಲೈಂಗಿಕ ದೌರ್ಜನ್ಯ ಆಗ್ಯದ ಅಂದ್ರು, ಅವರಾಗ ಅರ್ಧಕ್ಕಿಂತ ತುಸು ಹೆಚ್ಚು ಗಂಡುಹುಡುಗರೇ. ಹುಡುಗರ ಹಾಸ್ಟೆಲ್ ವಾರ್ಡನ್‌ಗಳು ನಮ್ಮಲ್ಲಿ ಅಂಥಾದ್ದೇನಿಲ್ಲ ರೀ ಅಂತ ನಕ್ಕೊಂತ ಹೇಳ್ತಾರಲ್ಲ, ಅವರಿಗೆ ಇದು.

ತಪಾಸಣಿ ಮಾಡ್ತಾರಲ್ಲ ಅಧಿಕಾರಿಗಳು, ಅಂತ ಕೇಳಬಹುದು. ಬಿಹಾರದ ಮುಜಫ್ಫರಪುರದಾಗ ಸರ್ಕಾರದ ದುಡ್ಡಿನ್ಯಾಗ ನಡೀತಿದ್ದ ಹೆಣ್ಣುಮಕ್ಕಳ ಆಶ್ರಯ ಮನಿ ಇತ್ತು. 2018ರಾಗ ಟಾಟಾ ಸಮಾಜ ವಿಜ್ಞಾನ ಸಂಸ್ಥಾದವರು ಆ ರಾಜ್ಯದ 110 ಆಶ್ರಯ ಮನಿಗಳಿಗೆ ಹೋಗಿ ಮಕ್ಕಳ ಕೂಡ ಕುಂತು ಮಾತಾಡಿ ವರದಿ ಕೊಟ್ಟಾಗ ಒಳಗಿನದ್ದು ಹೊರಗ ಬಂತು, ವೈದ್ಯಕೀಯ ತಪಾಸಣಿಯಾಗ 34 ಹುಡುಗೇರ ಮ್ಯಾಲ ದೌರ್ಜನ್ಯ ಆದದ್ದು ಗೊತ್ತಾತು. ನಡಸ್ತಿದ್ದ ಬ್ರಜೇಶ್ ಠಾಕೂರ್ ಕೂಡಿ 19 ಮಂದಿ ತಪ್ಪಿತಸ್ಥರು ಅಂತ 2020ರ ಜನವರಿಯಾಗ ದಿಲ್ಲಿ ಕೋರ್ಟ್ ಹೇಳ್ತು, ಅದರಾಗ ಆ ಮನಿಯಾಗ ಕೆಲಸ ಮಾಡ್ತಿದ್ದ ಹೆಂಗಸರಿದ್ರು, ಮಕ್ಕಳ ಕಲ್ಯಾಣ ಸಮಿತಿ ಅಧ್ಯಕ್ಷನಾಗಿದ್ದವನೂ ಇದ್ದ. ಮಕ್ಕಳು ದೂರು ಕೊಡಬೇಕಾದ ಕುರ್ಚಿ ಮ್ಯಾಲ ಅವನೇ ಕುಂತಿದ್ದ! ಅದಕ್ಕ ಹೇಳ್ತೀನಿ, ರಿಜಿಸ್ಟರ್ ನೋಡಿ, ಅಕ್ಕಿ ತೂಕ ನೋಡಿ, ಆಫೀಸಿನ್ಯಾಗ ಚಾ ಕುಡದು ಹೋಗೋದು ತಪಾಸಣಿ ಅಲ್ಲ. ವಾರ್ಡನ್ ಇಲ್ಲದ ಜಾಗದಾಗ ಮಕ್ಕಳ ಕೂಡ ನೆಲದ ಮ್ಯಾಲ ಕುಂತು ಒಂದು ತಾಸು ಮಾತಾಡ್ರಿ.

ಹೋದ ವರ್ಷ, ಅಂದ್ರ 2025ರ ಆಗಸ್ಟ್ ಕೊನಿಗೆ, ನಮ್ಮ ಯಾದಗಿರಿ ಜಿಲ್ಲಾದ ಒಂದು ಸರ್ಕಾರಿ ವಸತಿ ಸಾಲಿಯಾಗ ಒಂಬತ್ತನೇ ಕ್ಲಾಸಿನ ಹುಡುಗಿ ಶೌಚಾಲಯದಾಗ ಹಡದಳು. ಯಾವ ಸಾಲಿ ಅಂತ ನಾ ಹೇಳಂಗಿಲ್ಲ, ಮಗುವಿನ ಗುರುತು ಸಿಗೋ ಹಂಗ ಹೇಳೋದು ಕಾನೂನಿನ ವಿರುದ್ಧ. ಸಿಬ್ಬಂದಿ ಸಸ್ಪೆಂಡ್ ಆದ್ರು, ಕೇಸ್ ಆತು. ಆ ಕೇಸಿನ ತೀರ್ಪು ಕೋರ್ಟಿನದು, ನನ್ನದಲ್ಲ. ಆದ್ರ ನಾ ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ತಿಂಗಳು ತಿಂಗಳು ಆ ಹುಡುಗಿ ಎಲ್ಲಾರ ಕಣ್ಣಮುಂದೇ ಪ್ರಾರ್ಥನಾಕ್ಕ ನಿಂತಿರಬೇಕು, ಪಂಗ್ತಿಯಾಗ ಕುಂತು ಉಂಡಿರಬೇಕು. ಹೆರಿಗಿ ಆಗೋ ತನಕ ಆಕಿನ ಒಬ್ಬರೂ ದಿಟ್ಟಿಸಿ ನೋಡ್ಲಿಲ್ಲೇನು?

ನಮ್ ಮಕ್ಕಳು ಯಾಕ ಹೇಳಂಗಿಲ್ಲ ಅಂದ್ರ ಹೇಳ್ಲಿಕ್ಕ ಮನಿಯಾಗ ಯಾರದಾರ? ತೊಗರಿ ರಾಶಿ ಮುಗದ ಮ್ಯಾಲ ಅವ್ವ ಅಪ್ಪ ಗಂಟು ಕಟ್ಕೊಂಡು ಮುಂಬೈಗೋ ಪುಣೆಗೋ ಹೈದರಾಬಾದಿಗೋ ದುಡಿಲಿಕ್ಕ ಹೋಗ್ತಾರ, ಮಗು ಹಾಸ್ಟೆಲಿನ್ಯಾಗ ಇದ್ರ ಎರಡು ಹೊತ್ತು ಊಟ ಅದ, ಓದು ಅದ ಅಂತ ಬಿಟ್ಟು ಹೋಗ್ತಾರ. ಅವರ ನಂಬಿಕಿ ದೊಡ್ಡದು, ತಪ್ಪಂತ ನಾ ಅನ್ನಂಗಿಲ್ಲ, ನನ್ನ ಸಾಲಿಗೂ ಹಂಗೇ ನಂಬಿ ಬಿಟ್ಟಿದ್ರು. ಮಗುಗೂ ಗೊತ್ತಿರ್ತದ, ಹೇಳಿದ್ರ ಹಾಸ್ಟೆಲ್ ಬಿಡಿಸ್ತಾರ, ಓದು ನಿಲ್ತದ, ಲಗ್ನ ಮಾಡ್ತಾರ. ಆಸ್ಟ್ರೇಲಿಯಾದಾಗ 2013ರಿಂದ 2017ರ ತನಕ ಒಂದು ರಾಯಲ್ ಕಮಿಷನ್, ಅಂದ್ರ ಸರ್ಕಾರ ನೇಮಿಸಿದ ತನಿಖಾ ಆಯೋಗ, ಕೆಲಸ ಮಾಡ್ತು, ಚರ್ಚು, ಸಾಲಿ, ಅನಾಥಾಶ್ರಮ ಎಲ್ಲಾದರ ಬಗ್ಗೆ 8,000ಕ್ಕೂ ಹೆಚ್ಚು ಮಂದಿನ ಒಬ್ಬೊಬ್ಬರನ್ನೇ ಕರದು ಕೇಳ್ತು. ಅವರು ಮೊದಲನೇ ಸಲ ಬಾಯಿ ಬಿಡ್ಲಿಕ್ಕ ತಗೊಂಡ ಸರಾಸರಿ ವ್ಯಾಳ್ಯಾ 23.9 ವರ್ಷ. ನಮ್ಮ ಆರನೇ ಕ್ಲಾಸಿನ ಹುಡುಗಿ ಮೂರು ದಿನದಾಗ ಅವ್ವನ ಕೈ ಹಿಡ್ಕೊಂಡು ಬಂದು ಹೇಳಿದ್ಲು. ಅಂಥಾ ಮಗುನ ನಾವು ಕಳಕೊಂಡ್ವಿ.

ಮುಖ್ಯಸ್ಥರಿಗೆ ನಾ ಹೇಳೋದು ಇಷ್ಟು. ಮಗು ಬಂದು ಹೇಳಿದ್ರ ಒಂದು ಸಲ ಕೇಳ್ರಿ, ಆಕಿ ಬಳಸಿದ ಶಬ್ದದಾಗೇ ಬರಕೋರಿ, ಹತ್ತು ಮಂದಿ ಮುಂದ ನಿಲ್ಲಿಸಿ ಮತ್ತ ಮತ್ತ ಹೇಳಿಸಬ್ಯಾಡ್ರಿ, ಅವನನ್ನ ಕರದು ಎದುರಾಬದುರ ಮಾಡಿಸೋ ಕೆಲಸ ಅಂತೂ ಮಾಡಲೇಬ್ಯಾಡ್ರಿ. ಪೊಲೀಸರಿಗೆ ಫೋನ್ ಮಾಡ್ರಿ, 112 ಆದ್ರೂ ಸರಿ, ಮಕ್ಕಳ ಸಹಾಯವಾಣಿ 1098 ಆದ್ರೂ ಸರಿ. ಪೊಲೀಸರು ಯೂನಿಫಾರ್ಮಿನ್ಯಾಗ ಬರಂಗಿಲ್ಲ, ಮಗು ಇರೋ ಕಡಿಗೇ ಬಂದು ಹೇಳಿಕಿ ತಗೋಬೇಕು, ಆದಷ್ಟು ಮಹಿಳಾ ಎಸ್‌ಐ ಇರಬೇಕು, 24 ತಾಸಿನೊಳಗ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಇವೆಲ್ಲ ಕಾನೂನಿನ್ಯಾಗ ಅವ, ಅವರು ಮಾಡದಿದ್ರ ನೀವು ಕೇಳ್ರಿ. ಆಮ್ಯಾಲ ಮಗು ಅದೇ ಸಾಲಿಯಾಗ ಓದಬೇಕು. ಸಾಲಿ ಬಿಡೋದು ಆಕಿ ಅಲ್ಲ.

ಮಾತು ಮುಗದ ಮ್ಯಾಲ ಪ್ರಶ್ನಿ ಕೇಳ್ರಿ ಅಂದ್ರ ಮುಂದಿನ ಸಾಲಿನವರು ಸುಮ್ನಿದ್ರು. ಒಬ್ಬರು ಮಾಸ್ತರ್ರು ಸುಳ್ಳು ಕೇಸ್ ಹಾಕಿದ್ರ ನಮ್ಮ ಗತಿ ಏನು ಅಂತ ಕೇಳಿದ್ರು, ಬೇಕಂತಲೇ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ 22ನೇ ಕಲಮಿನ್ಯಾಗ ಶಿಕ್ಷೆ ಅದ ಅಂತ ಹೇಳಿದೆ, ಅದಕ್ಕ ಹೆದರಿ ಮಗು ಮಾತು ಕೇಳದೇ ಇರೋದು ಸರಿಯಲ್ಲ ಅಂತನೂ ಹೇಳಿದೆ.

ಎಲ್ಲಾರೂ ಎದ್ದು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಅಡಗಿ ಮಾಡೋ ಒಬ್ಬಾಕಿ ಅಕ್ಕ ನನ್ನ ಹತ್ರ ಬಂದ್ಲು. ಬಾಯೋರ, ನಾ ಹೇಳಿದ್ರ ನನ್ನ ಕೆಲಸ ತೆಗೀತಾರಲ್ರಿ, ನಾ ಹೊರಗುತ್ತಿಗಿಯಾಕಿ ಅಂದ್ಲು. ತೆಗೀಬಹುದು ಅಂತಲೇ ಹೇಳಿದೆ, ಇಲ್ಲ ಅಂತ ಸುಳ್ಳು ಹೇಳ್ಲಿಕ್ಕ ನನಗ ಬರ್ಲಿಲ್ಲ. 1098ಕ್ಕ ಹೆಸರು ಹೇಳದೇನೂ ಫೋನ್ ಮಾಡಬಹುದವ್ವ, ರೊಕ್ಕ ಬೀಳಂಗಿಲ್ಲ, ರಾತ್ರಿ ಆದ್ರೂ ಎತ್ತತಾರ ಅಂದೆ. ಅಲ್ಲೇ ನಿಂತು ಫೋನಿನ್ಯಾಗ ನಂಬರ್ ಹಾಕ್ಕೊಂಡ್ಲು. ಯಾವ ಹೆಸರಿಗೆ ಹಾಕ್ಕೊಂಡಿ ಅಂತ ಕೇಳಿದೆ.

ತವರುಮನಿ ಅಂತ ಹಾಕೀನ್ರಿ, ವಾರ್ಡನ್ ಮೇಡಂ ಒಮ್ಮೊಮ್ಮೆ ನಮ್ಮ ಫೋನ್ ನೋಡ್ತಾರ, ಅಂದ್ಲು.